ಮುಳ್ಳು ಹಾಕಿದ ಬಾಗಿಲು

ಲೋಕ ಮುಗಿದುಹೋದ ಮೇಲೆ ಊರುಗಳು ಹೇಗೆ ಕಾಣುತ್ತವೆ ಎಂದು ಬಣ್ಣದಲ್ಲಿ ತೋರಿಸುವುದು ನನ್ನ ಹೊಟ್ಟೆಪಾಡಾಗಿತ್ತು. ಹೀಗೆಂದರೆ ನಂಜನಗೂಡಿನ ನನ್ನ ಓರಗೆಯವರು ಈಗಲೂ ನಗುತ್ತಾರೆ. ಕಂಪ್ಯೂಟರ್ ಆಟಗಳಲ್ಲಿ ಅಂಥದೊಂದು ಜಾತಿಯೇ ಇದೆ. ಯುದ್ಧವೋ ರೋಗವೋ ಬಂದು ಜನರೆಲ್ಲ ಅಳಿದಿರುತ್ತಾರೆ. ಉಳಿದವನೊಬ್ಬ ಪಾಳುಬಿದ್ದ ಬೀದಿಗಳಲ್ಲಿ ತಿರುಗುತ್ತಾನೆ. ಅವನನ್ನು ತಿರುಗಿಸುವವನು ಆಟ ಆಡುವವನು. ಆ ಪಾಳು ಗೋಡೆ, ತುಕ್ಕು ಹಿಡಿದ ತಗಡು, ಮುರಿದ ಬಾಗಿಲುಗಳ ಮೈ ಬರೆಯುವವರಲ್ಲಿ ನಾನೊಬ್ಬನಾಗಿದ್ದೆ. ಕಂಪನಿಯಲ್ಲಿ ಅದಕ್ಕೆ ಟೆಕ್ಸ್ಚರ್ ಎನ್ನುತ್ತಿದ್ದರು. ಮನೆಯಲ್ಲಿ ಕೇಳಿದರೆ ನಾನು ಹೇಳುತ್ತಿದ್ದದ್ದು, ಆಟದ ಮನೆಗಳಿಗೆ ಹೊದಿಸುವ ಚರ್ಮ ಎಂದು.

ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಯಾರಿಂದಲೋ ನನ್ನ ಹೆಸರು ಕೇಳಿ ಮನೆಗೆ ಬರುತ್ತಾರೆ. ಯಾವ ಸಾಫ್ಟ್‌ವೇರ್ ಕಲಿಯಬೇಕು ಎಂದು ಕೇಳುತ್ತಾರೆ. ಅದು ನನಗೆ ತಿಳಿಯದು, ನಾನು ಕಲಿತದ್ದೆಲ್ಲ ಹಳತಾಗಿದೆ. ಆಮೇಲೆ ಕೇಳುತ್ತಾರೆ: ಇಂಥ ಆಟದಲ್ಲಿ ಎಷ್ಟು ನಿಜ ಇರಬೇಕು ಸಾರ್, ಎಷ್ಟು ಕಲ್ಪನೆ ಇರಬಹುದು? ಇದಕ್ಕೆ ನನ್ನ ಹತ್ತಿರ ಉತ್ತರ ಇದೆ. ಕಾಫಿ ಕುಡಿದು ಮುಗಿಸುವುದರೊಳಗೆ ಹೇಳುವಂಥದ್ದಲ್ಲ. ಎದುರಿಗಿರುವವರ ಮುಖ ನೋಡಿಕೊಂಡು ಹೇಳುವಂಥದ್ದೂ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಓದು ಆರನೇ ಕ್ಲಾಸಿಗೆ ನಿಂತಿತು. ನಿಲ್ಲಿಸಿದ್ದು ಬಡತನವಲ್ಲ, ನನ್ನ ಹಟ. ಮೇಷ್ಟ್ರು ಎಲ್ಲರ ಮುಂದೆ ಹೊಡೆದರು, ಸ್ಲೇಟು ಅಲ್ಲೇ ಇಟ್ಟು ಎದ್ದು ಬಂದೆ. ಅಪ್ಪ ಬೈದು ಸೋತ, ಅಕ್ಕ ಅತ್ತು ಸೋತಳು. ಅಮ್ಮ ಇಲ್ಲದ ಮನೆಯಲ್ಲಿ ನನ್ನನ್ನು ಸಾಕಿದವಳು ಅಕ್ಕನೇ. ಆಮೇಲೆ ಅವಳನ್ನು ಟಿ. ನರಸೀಪುರ ತಾಲ್ಲೂಕಿನ ಬನ್ನೂರು ಕಡೆಯ ಒಂದು ಹಳ್ಳಿಗೆ ಕೊಟ್ಟೆವು. ನಾನು ಬಣ್ಣದ ಡಬ್ಬ ಹಿಡಿದೆ.

ತೊಂಬತ್ತರ ದಶಕದಲ್ಲಿ ನಂಜನಗೂಡಿನ ಅಂಗಡಿ ಬೀದಿಯಲ್ಲಿ ತಲೆ ಎತ್ತಿ ನೋಡಿದರೆ ನನ್ನ ಅಕ್ಷರಗಳೇ ಕಾಣುತ್ತಿದ್ದವು. ರಸಬಾಳೆ ಮಂಡಿ, ಗೊಬ್ಬರದಂಗಡಿ, ಹಲ್ಲಿನ ಡಾಕ್ಟರು. ನರಸೀಪುರದ ಬಸ್ ಸ್ಟ್ಯಾಂಡಿನ ಸುತ್ತಲೂ ನಾನೇ. ಬೋರ್ಡಿನ ಮೂಲೆಯಲ್ಲಿ ಚಿಕ್ಕದಾಗಿ ‘ಪುಟ್ಟಸ್ವಾಮಿ’ ಎಂದು ಬರೆಯುತ್ತಿದ್ದೆ. ಆ ಹೆಸರು ಅಂಗಡಿಯ ಹೆಸರಿಗಿಂತ ಚೆನ್ನಾಗಿದೆ ಎಂದು ಒಬ್ಬ ಸಾಹುಕಾರರು ರೇಗಿದ್ದೂ ಉಂಟು. ಆಮೇಲೆ ಫ್ಲೆಕ್ಸ್ ಬಂತು. ಮಷೀನಿನಿಂದ ಸುರುಳಿಸುರುಳಿಯಾಗಿ ಬೋರ್ಡು ಹೊರಬರುವುದನ್ನು ಮೈಸೂರಿನಲ್ಲಿ ನಿಂತು ನೋಡಿದ ದಿನವೇ ನನ್ನ ಕೆಲಸ ಮುಗಿಯಿತು ಎಂದು ಗೊತ್ತಾಯಿತು. ಗೊತ್ತಾದರೂ ಎರಡು ಮೂರು ವರ್ಷ ಬೀಗಿಕೊಂಡೇ ಓಡಾಡಿದೆ.

ಉಳಿಸಿದ್ದು ಒಂದು ಹೋಟೆಲಿನ ಬೋರ್ಡು. ತಗಡಿನ ಮೇಲೆ ಹಳೇ ಮರದ ಹಲಗೆಯಂತೆ ಬರೆದಿದ್ದೆ: ಸೀಳು, ಗಂಟು, ಗೆದ್ದಲು ತಿಂದ ಅಂಚು ಎಲ್ಲ. ಮೈಸೂರಿನಲ್ಲಿ ಕಂಪ್ಯೂಟರ್ ಚಿತ್ರಗಳ ಸಣ್ಣ ಕಂಪನಿ ಇಟ್ಟಿದ್ದ ಒಬ್ಬರು ಊಟಕ್ಕೆ ಬಂದವರು ಅದನ್ನು ಮರ ಎಂದುಕೊಂಡು ಉಗುರಿನಿಂದ ಕೆರೆದು ನೋಡಿದರಂತೆ. ನನ್ನನ್ನು ಹುಡುಕಿಸಿದರು.

“ಕಂಪ್ಯೂಟರ್ ಬರತ್ತಾ?”

“ಬ್ರಷ್ ಬರತ್ತೆ ಸಾರ್.”

“ಸಾಕು, ಉಳಿದಿದ್ದು ನಾವು ಕಲಿಸ್ತೀವಿ,” ಅಂದರು.

ಕಲಿಸಿದರು. ಮೊದಲ ತಿಂಗಳು ನನ್ನನ್ನು ನೋಡಿ ನಗದವರಿಲ್ಲ. ಬೋರ್ಡು ಬರೆಯುವವನು ಆಗಾಗ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, ದೂರದಿಂದ ನೋಡುತ್ತಾನೆ. ನಾನು ಹಾಗೇ ಹಿಂದೆ ಸರಿಯುತ್ತಿದ್ದೆ. ಗಾಲಿ ಕುರ್ಚಿ ಹಿಂದಿನವರ ಮೇಜಿಗೆ ಹೋಗಿ ಬಡಿಯುತ್ತಿತ್ತು. ನಮ್ಮ ಗುಂಪಿನ ಮೇಲಿನವರು ಶಾಲಿನಿ ಮೇಡಂ. ಚಿತ್ರಕಲೆ ಓದಿದವರು, ನನಗಿಂತ ಹದಿನೈದು ವರ್ಷವಾದರೂ ಚಿಕ್ಕವರು. ಕುರ್ಚಿಯ ಗಾಲಿಗೆ ಅವರೇ ಹಗ್ಗ ಕಟ್ಟಿಸಿದರು.

ಅವರ ಕೈಯಲ್ಲಿ ನಾನು ತಿಂದ ಮೊದಲ ಪೆಟ್ಟು ಹೇಳಿಬಿಡುತ್ತೇನೆ. ಒಂದು ಆಟದಲ್ಲಿ ಹೊಲಕ್ಕೆ ಬಿದ್ದು ವರ್ಷಗಳಾದ ವಿಮಾನ ಇತ್ತು. ಅದರ ಮೈಗೆ ನಾನು ಕೆಂಪು ತುಕ್ಕು ಬರೆದೆ. ಅಂಥ ತುಕ್ಕು ನಾನು ಅದಕ್ಕೆ ಮೊದಲು ಬರೆದಿರಲಿಲ್ಲ. ಇಳಿಯುವ ನೀರಿನ ಗೆರೆ ಸಮೇತ. ಮೇಡಂ ಕರೆದು ಮೆಲ್ಲಗೇ ಹೇಳಿದರು, “ವಿಮಾನದ ಮೈ ಅಲ್ಯೂಮಿನಿಯಂ ಪುಟ್ಟಸ್ವಾಮಿಯವರೇ.” ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ನಾನು ದನಿ ಏರಿಸಿದೆ.

“ಅರ್ಧ ಆಯಸ್ಸು ತಗಡಿನ ಮೇಲೇ ಕಳೆದಿದ್ದೀನಿ ಮೇಡಂ. ತುಕ್ಕು ನನಗೆ ಹೇಳ್ಕೊಡಬೇಡಿ.”

“ನಿಮ್ಮನೇಲಿ ಅನ್ನ ಮಾಡೋ ಪಾತ್ರೆ ಯಾವುದು?”

“ಅಲ್ಯೂಮಿನಿಯಂದು.”

“ಅದು ಯಾವತ್ತಾದ್ರೂ ಕೆಂಪಗಾಗಿದ್ದು ನೋಡಿದ್ದೀರಾ?”

ಇಡೀ ಕೋಣೆ ನಕ್ಕಿತು. ನಗು ನಿಂತ ಮೇಲೂ ನನ್ನ ಕಿವಿ ಬಿಸಿ ಆರಲಿಲ್ಲ. ದಿನಾ ಉಣ್ಣುವ ಪಾತ್ರೆಯನ್ನೇ ನಾನು ನೋಡಿರಲಿಲ್ಲ. ತುಕ್ಕು ಎಂದರೆ ಹೀಗೆ ಎಂಬ ಬೋರ್ಡು ಬರೆಯುವವನ ಅಂದಾಜನ್ನೇ ನಿಜ ಎಂದುಕೊಂಡಿದ್ದೆ. ಮರುದಿನ ವಿಮಾನವನ್ನು ಹೊಸದಾಗಿ ಬರೆದೆ: ಮಂಕು ಬೂದು ಮೈ, ತಗಡು ಕೂಡಿಸಿದ ರಿವೆಟ್ಟುಗಳ ಹತ್ತಿರ ಬಿಳಿ ಹಿಟ್ಟಿನಂಥ ಕಲೆ. ಮೇಡಂ ನೋಡಿ ಏನೂ ಹೇಳಲಿಲ್ಲ, ಮುಂದಿನ ಕೆಲಸ ಕೊಟ್ಟರು. ಹಾಗೆ ಏನೂ ಹೇಳದೆ ಇರುವ ಮೇಲಿನವರು ಸಿಗುವುದು ಪುಣ್ಯ. ಆಗ ನನಗೆ ಹಾಗೆ ಅನ್ನಿಸಲಿಲ್ಲ.

ಅಲ್ಲಿಂದ ನಾನು ನಿಜದ ಹಿಂದೆ ಬಿದ್ದೆ. ಭಾನುವಾರ ಕಂಪನಿಯ ಕ್ಯಾಮೆರಾ ಹಿಡಿದು ನಂಜನಗೂಡಿನ ಹೊಳೆದಂಡೆ, ಹಳೇ ಸೇತುವೆ, ಮುಚ್ಚಿಹೋದ ಗಿರಣಿಯ ಶೆಡ್ಡು ಎಲ್ಲ ಸುತ್ತುತ್ತಿದ್ದೆ. ಪಾಚಿ ಗೋಡೆಯ ಯಾವ ಮಗ್ಗುಲಿಗೆ ಬರುತ್ತದೆ, ಅರಳಿ ಗಿಡ ಯಾವ ಸಂದಿಯಲ್ಲಿ ಮೊದಲು ಬೇರು ಬಿಡುತ್ತದೆ, ಸುಣ್ಣ ಉದುರುವುದು ಮೇಲಿನಿಂದಲೋ ಕೆಳಗಿನಿಂದಲೋ ಎಂದು ನೋಡುತ್ತಿದ್ದೆ. ಮೊದಲಿಂದ ಬಲ್ಲವನಿಗಿಂತ ಹೊಸದಾಗಿ ಕಲಿತವನ ಕಾಟ ಹೆಚ್ಚು. ಆಫೀಸಿನಲ್ಲಿ ಎಲ್ಲರ ತಪ್ಪನ್ನೂ ಹುಡುಕಲು ಶುರುಮಾಡಿದೆ.

ಹೆಚ್ಚು ಕಾಟ ತಿಂದವನು ಪ್ರಶಾಂತ. ನಾವು ಬರೆದ ಗೋಡೆ ಬಾಗಿಲುಗಳನ್ನು ಜೋಡಿಸಿ ಆಟದೊಳಗೆ ಬೀದಿ, ಮನೆ ಎಬ್ಬಿಸುವ ಕೆಲಸ ಅವನದು. ಒಮ್ಮೆ ಜನ ಸತ್ತು ಹದಿನೈದು ವರ್ಷ ಕಳೆದ ಬೀದಿಯಲ್ಲಿ ಅವನು ಲೈಟು ಕಂಬ ಉರಿಸಿದ್ದ.

“ಕರೆಂಟ್ ಬಿಲ್ ಯಾರು ಕಟ್ತಿದ್ದಾರಪ್ಪ?” ಅಂದೆ.

“ಗೇಮ್ ಸಾರ್ ಇದು. ಲೈಟಿಲ್ದೆ ಆಡೋನಿಗೆ ದಾರಿ ಹೇಗೆ ಕಾಣ್ಬೇಕು?”

“ಹಂಗಂತ ಸತ್ತ ಊರಲ್ಲಿ ದೀಪ ಉರಿಸ್ತೀಯಾ?”

“ಯಾರು ನೋಡ್ತಾರೆ ಬಿಡಿ ಸಾರ್.”

ಯಾರು ನೋಡ್ತಾರೆ ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಜಗಳ ಮೇಡಂ ಹತ್ತಿರ ಹೋಯಿತು. ಅವರು ಅವತ್ತು ಹೇಳಿದ್ದನ್ನು ಹೊಸಬರಿಗೆ ನಾನು ಹಾಗೇ ಒಪ್ಪಿಸುತ್ತೇನೆ.

“ನೋಡಿ, ಆಡೋನು ನಮಗೋಸ್ಕರ ಒಂದು ಸುಳ್ಳು ನಂಬಿರ್ತಾನೆ. ರೋಗ ಬಂತು, ಎಲ್ಲರೂ ಹೋದ್ರು ಅಂತ. ಆ ದೊಡ್ಡ ಸುಳ್ಳು ನಿಲ್ಬೇಕಾದ್ರೆ ಸುತ್ತಲಿನ ಸಣ್ಣಪುಟ್ಟದ್ದು ನಿಜ ಇರ್ಬೇಕು. ದಾರಿ ಕಾಣಲೇಬೇಕು, ಪ್ರಶಾಂತ್ ಹೇಳೋದೂ ಸರಿ. ಚಂದ್ರನ್ನ ಸ್ವಲ್ಪ ದೊಡ್ಡದು ಮಾಡೋಣ.”

“ಡ್ರಮ್ಮಲ್ಲಿ ಬೆಂಕಿ ಹಾಕ್ಲಾ ಮೇಡಂ?” ಪ್ರಶಾಂತ ಕೇಳಿದ.

“ಬೆಂಕಿ ಇದ್ರೆ ಹಚ್ಚಿದೋನು ಇರ್ಬೇಕಲ್ಲ. ಅವನೆಲ್ಲಿ?”

ಚಂದ್ರ ದೊಡ್ಡವನಾದ. ನಾನು ಗೆದ್ದೆ ಎಂದುಕೊಂಡು ಮೂರು ದಿನ ಪ್ರಶಾಂತನ ಮುಂದೆ ಎದೆ ಸೆಟೆಸಿ ನಡೆದೆ.

ಆ ವರ್ಷವೇ ಭಾವ ತೀರಿಕೊಂಡರು. ಅಕ್ಕನ ಗಂಡ. ಗದ್ದೆಯಿಂದ ಬಂದು ಎದೆ ಹಿಡಿದುಕೊಂಡವರನ್ನು ಮನೆಯ ನಡುವೆ, ಹೆಂಚಿನ ಸೂರಿನಲ್ಲಿ ಬಿಟ್ಟಿದ್ದ ಬೆಳಕಿಂಡಿಯ ಕೆಳಗೆ ಚಾಪೆ ಹಾಸಿ ಮಲಗಿಸಿದರಂತೆ. ಬನ್ನೂರಿಂದ ಗಾಡಿ ಬರುವುದರೊಳಗೆ ಮುಗಿದಿತ್ತು. ಐನೋರು ಪಂಚಾಂಗ ನೋಡಿ ನಕ್ಷತ್ರ ಕೆಟ್ಟದ್ದು, ಆರು ತಿಂಗಳು ಮನೆ ಬಿಡಬೇಕು ಎಂದರು. ನಮ್ಮ ಕಡೆ ಈ ಪದ್ಧತಿ ಉಂಟು. ಕೆಲವು ನಕ್ಷತ್ರಗಳಲ್ಲಿ ಸಾವಾದರೆ ಮನೆಯವರೆಲ್ಲ ಹೊರಬಿದ್ದು, ಬಾಗಿಲು ಹಾಕಿ, ಅದಕ್ಕೆ ಅಡ್ಡಲಾಗಿ ಜಾಲಿ ಮುಳ್ಳಿನ ಕೊಂಬೆ ಕಟ್ಟುತ್ತಾರೆ. ಅಷ್ಟು ದಿನ ಒಳಗೆ ದೀಪವಿಲ್ಲ, ಒಲೆಯಿಲ್ಲ. ಅವಧಿ ತುಂಬಿದ ಮೇಲೆ ಶಾಂತಿ ಮಾಡಿಸಿ, ಮುಳ್ಳು ತೆಗೆದು, ಮೊದಲು ಹಸುವನ್ನು ಒಳಗೆ ಬಿಟ್ಟು ಆಮೇಲೆ ಮನೆಯವರು ಹೋಗುತ್ತಾರೆ. ಮುಳ್ಳು ಕಂಡರೆ ನಮ್ಮ ಜನಕ್ಕೆ ಅರ್ಥವಾಗುವುದು ಇಷ್ಟೇ: ಈ ಮನೆಯವರು ವಾಪಸು ಬರುತ್ತಾರೆ.

ಅಕ್ಕ ಎದುರಿನ ಕೊಟ್ಟಿಗೆಗೆ ಒಂದು ಇಳಿಮಾಡು ಹಾಕಿಸಿಕೊಂಡು ಹಸುಗಳ ಜೊತೆಗೇ ಇದ್ದಳು. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕುವುದು ತಪ್ಪಿಸಲಿಲ್ಲ. ಮಳೆ ಶುರುವಾದ ಮೇಲೆ ಒಂದು ಭಾನುವಾರ ನೋಡಿಕೊಂಡು ಬರೋಣವೆಂದು ಹೋದೆ. ಹೆಗಲಲ್ಲಿ ಕ್ಯಾಮೆರಾ ಇತ್ತು.

ಮನೆ ನೋಡಿ ನಿಂತುಬಿಟ್ಟೆ. ಯಾರೂ ಸಾರಿಸದ ಜಗಲಿಯಲ್ಲಿ ಹುಲ್ಲು ಮೊಳೆತಿತ್ತು. ಹೆಂಚು ಜಾರಿದಲ್ಲಿ ಗೋಡೆಯ ಮೇಲೆ ಕೆಮ್ಮಣ್ಣಿನ ನೀರು ಇಳಿದಿತ್ತು. ಬಾಗಿಲಿಗೆ ಒಣಗಿದ ಮುಳ್ಳು. ಅದಕ್ಕೊಂದು ಹಾಗಲ ಬಳ್ಳಿ ಹಬ್ಬಿ ಹಳದಿ ಹೂ ಬಿಟ್ಟಿತ್ತು. ನಾನು ಆಗ ಅಕ್ಕನ ತಮ್ಮನಾಗಿರಲಿಲ್ಲ. ಕ್ಯಾಮೆರಾ ತೆಗೆದೆ.

ಅಕ್ಕ ಕೊಟ್ಟಿಗೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. “ಯಾಕ್ಲಾ ಪುಟ್ಸಾಮಿ, ಬಂದೋನು ನೀರೂ ಕುಡೀದಂಗೆ ಫೋಟೋ ತಗೀತಿದ್ದೀಯ?”

“ಆಫೀಸ್ ಕೆಲಸಕ್ಕೆ ಕಣಕ್ಕ.”

“ನಮ್ಮನೆ ಕಂಪ್ಯೂಟ್ರಲ್ಲಿ ಬತ್ತದಾ?” ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಕಂಡೆ. “ಅಯ್ಯೋ, ಹಿಂಗೆ ತಗೀಬ್ಯಾಡ ಕಣೋ. ಮುಳ್ಳು ತಗ್ದ ಮ್ಯಾಲೆ ಬಾ. ಸುಣ್ಣ ಹೊಡೆಸಿರ್ತೀನಿ, ರಂಗೋಲಿ ಬುಟ್ಟಿರ್ತೀನಿ. ಆಗ ತಗಿ.”

“ಹಿಂಗೇ ಚೆನ್ನಾಗದೆ ಬಿಡಕ್ಕ.”

“ಏನ್ ಚೆನ್ನಾಗದೋ, ನಿನ್ ತಲೆ,” ಅಂದು ಕಾಫಿ ಕಾಯಿಸಲು ಹೋದಳು.

ಆ ಚಿತ್ರಗಳಿಂದ ನಾನು ಬರೆದ ಮನೆ ನನ್ನ ಜೀವಮಾನದಲ್ಲೇ ಚೆನ್ನಾಗಿ ಬಂದದ್ದು. ಬಿಸಿಲು ನಾಡಿನ ಹಳ್ಳಿಗಳಲ್ಲಿ ರೋಗ ಬಂದು ಹದಿನೈದು ವರ್ಷವಾದ ಮೇಲೆ ಎಂಬುದು ಆ ಆಟದ ಕಥೆ. ಮೇಡಂ ಪರದೆಯ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಬಾಗಿಲಿನ ಮೇಲೆ ಬೆರಳಿಟ್ಟರು.

“ಇದೇನು?”

“ಮುಳ್ಳು ಮೇಡಂ. ನಮ್ಮ ಕಡೆ ಸಾವಾದ ಮನೆಗೆ ಹಾಕ್ತಾರೆ.”

“ಚೆನ್ನಾಗಿದೆ. ಆದ್ರೆ ತೆಗೀಬೇಕು. ಹದಿನೈದು ಮಳೆಗಾಲ ಆದ್ಮೇಲೆ ಒಣ ಕೊಂಬೆ ಉಳಿಯತ್ತಾ? ಗೆದ್ದಲು ಬಿಡತ್ತಾ? ಅಲ್ಲದೆ ಊರಿಗೆ ಊರೇ ಹೋದ್ಮೇಲೆ ಬಾಗಿಲಿಗೆ ಮುಳ್ಳು ಕಟ್ಟಿದೋರು ಯಾರು? ಮುಳ್ಳು ಇದೆ ಅಂದ್ರೆ ಯಾರೋ ಬದುಕಿದ್ದಾರೆ ಅಂತ.”

ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ನಿಜ ನಿಜ ಎಂದು ಎಲ್ಲರ ಜೀವ ತಿಂದವನು ನಾನೇ. ಆದರೆ ಮುಳ್ಳು ತೆಗೆದರೆ ಅದು ಹತ್ತರಲ್ಲಿ ಹನ್ನೊಂದನೆಯ ಪಾಳುಮನೆ. ಮುಳ್ಳಿನಿಂದಲೇ ಅದು ಪುಟ್ಟಸ್ವಾಮಿಯ ಮನೆ. ಮೂಲೆಯಲ್ಲಿ ಹೆಸರು ಬರೆಯುವ ಹಳೇ ಚಟ.

“ಗೇಮ್ ಅಲ್ವಾ ಮೇಡಂ, ಇರ್ಲಿ ಬಿಡಿ. ಯಾರು ನೋಡ್ತಾರೆ?”

ನನ್ನ ಬಾಯಿಂದ ಆ ಮಾತು ಬಂದದ್ದಕ್ಕೆ ಪ್ರಶಾಂತ ಕುರ್ಚಿ ತಿರುಗಿಸಿ ನೋಡಿದ. ಮೇಡಂ ನಕ್ಕು, “ನೀವೇ ಹೀಗಂದ್ರೆ ನಾನೇನು ಹೇಳ್ಲಿ,” ಅಂದು ಬಿಟ್ಟುಬಿಟ್ಟರು. ಮನೆಯ ಒಳಗು ಹೇಗಿರುತ್ತದೆ ಎಂದು ಪ್ರಶಾಂತ ಕೇಳಿದಾಗ ನಾನು ಹುರುಪಿನಿಂದ ಹೇಳಿದೆ: ನಡುವೆ ಎರಡು ಮರದ ಕಂಬ, ಎಡಕ್ಕೆ ಅಡಿಗೆಮನೆ, ಸೂರಿನಲ್ಲಿ ಬೆಳಕಿಂಡಿ, ಮಧ್ಯಾಹ್ನ ಅದರಿಂದ ಬಿಸಿಲು ನೆಲಕ್ಕೆ ಬೀಳುತ್ತದೆ. ಬಿಸಿಲು ಬೀಳುವ ಜಾಗದಲ್ಲಿ ಚಾಪೆ ಇತ್ತು ಎಂದು ಹೇಳಲಿಲ್ಲ. ಹೇಳದೆ ಇದ್ದರೆ ಅದು ಇಲ್ಲದಂತೆ ಎಂದುಕೊಂಡೆ. ಅವನು ಎಲ್ಲವನ್ನೂ ಕಟ್ಟಿ, ಬೆಳಕು ಸೊಗಸಾಗಿ ಬೀಳುವ ಜಾಗ ಖಾಲಿ ಬಿಡಬಾರದೆಂದು ಅಲ್ಲಿ ಒಂದು ಮಂಚ, ಮಂಚದ ಮೇಲೆ ಒಂದು ಅಸ್ಥಿಪಂಜರ ಹಾಕಿದ. ಅವನ ಕಡೆಯಿಂದ ಅದು ಕೆಲಸ, ಅಷ್ಟೇ.

ಆಟ ಮಾಡಿಸುತ್ತಿದ್ದ ಹೊರದೇಶದವರು ಆ ಮನೆಯನ್ನು ಹೊಗಳಿ ಬರೆದರು. ಮುಳ್ಳಿನ ಬಾಗಿಲನ್ನು ಬಿಡಿಸಿ ಹೊಗಳಿದ್ದರು. ನನ್ನನ್ನು ಹುಡುಕಿಸಿದ್ದ ಕಂಪನಿಯ ಸಾಹೇಬರು ಅದನ್ನು ಎಲ್ಲರನ್ನೂ ಸೇರಿಸಿ ಓದಿದರು. ಆರನೇ ಕ್ಲಾಸು ಬಿಟ್ಟು ಬಂದವನಿಗೆ ಅವತ್ತು ಹೊಟ್ಟೆ ತುಂಬಿತ್ತು.

ಆಯುಧಪೂಜೆಗೆ ಮನೆಯವರನ್ನು ಕರೆದುಕೊಂಡು ಬರುವುದು ಆಫೀಸಿನ ಪದ್ಧತಿ. ಕಂಪ್ಯೂಟರುಗಳಿಗೆಲ್ಲ ಕುಂಕುಮ, ಬಾಗಿಲಿಗೆ ಬಾಳೆಕಂಬ, ಮೆಟ್ಟಿಲ ಮುಂದೆ ಒಡೆದ ಕುಂಬಳಕಾಯಿ. ಕೊಟ್ಟಿಗೆಯಲ್ಲೇ ಕೂತು ಅಕ್ಕನ ಮನಸ್ಸು ಕೆಡಬಾರದೆಂದು ನಾನೇ ಹೋಗಿ ಕರೆತಂದೆ. ಹೀಗೆ ಬರೆದದ್ದು ಅರ್ಧ ಸರಿ. ತಮ್ಮ ಏನಾಗಿದ್ದಾನೆ ಎಂದು ಅವಳು ನೋಡಲಿ ಎಂಬುದು ಉಳಿದರ್ಧ. ಅವಳಿಗೆ ಆ ಮನೆಯನ್ನಲ್ಲ, ನಾನು ಬರೆದ ಹಳೇ ಸೇತುವೆಯ ಚಿತ್ರ ತೋರಿಸಬೇಕೆಂದು ಇಟ್ಟುಕೊಂಡಿದ್ದೆ.

ಪೂಜೆಯಾಗಿ ಎಲ್ಲರೂ ಪುರಿ ಸಿಹಿ ತಿನ್ನುತ್ತಿರುವಾಗ ಸಾಹೇಬರು, “ನಿಮ್ಮ ತಮ್ಮನ ಕೈ ಚಿನ್ನ ಕಣಮ್ಮ. ಪ್ರಶಾಂತ್, ಆ ಮನೆ ಹಾಕಪ್ಪ, ಅವರಕ್ಕ ನೋಡ್ಲಿ,” ಅಂದರು. ಬೇಡ ಎನ್ನಲು ನನಗೆ ಸಾಕಷ್ಟು ಹೊತ್ತಿತ್ತು. ಸಾಹೇಬರ ಕೈ ನನ್ನ ಹೆಗಲ ಮೇಲಿತ್ತು. ಅದು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇರಲಿ ಎಂದು ಸುಮ್ಮನಾದೆ.

ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಮನೆ ಬಂತು. ಜಗಲಿ, ಹುಲ್ಲು, ಹಾಗಲ ಬಳ್ಳಿ.

“ಲೇ, ನಮ್ಮನೆ ಕಣ್ಲಾ!” ಅಕ್ಕ ಕೂಗಿಯೇಬಿಟ್ಟಳು. ಸುತ್ತಲಿದ್ದ ಹೆಂಗಸರ ಕಡೆ ತಿರುಗಿ, “ನಮ್ಮನೆ ಕಣವ್ವ ಇದು. ನೋಡಿ, ಮುಳ್ಳು ಸೈತ ಬುಟ್ಟಿಲ್ಲ,” ಅಂದಳು.

ಪ್ರಶಾಂತನಿಗೆ ಆ ಗಲಾಟೆಯಲ್ಲಿ ಅದು ಕೇಳಿಸಲಿಲ್ಲ. ಅವನು ಗುಂಡಿ ಒತ್ತಿದ, ಆಟದ ಮನುಷ್ಯ ಕಾಲೆತ್ತಿ ಮುಳ್ಳನ್ನು ಒದ್ದ. ಇನ್ನೊಂದು ಒದೆಗೆ ಬಾಗಿಲು ಕಿತ್ತು ಒಳಗೆ ಬಿತ್ತು. ಕಂಬ, ಅಡಿಗೆಮನೆ, ಬೆಳಕಿಂಡಿ. ಬೆಳಕಿಂಡಿಯ ಬಿಸಿಲಿನಲ್ಲಿ ಮಂಚ. ಯಾರದೋ ಮಕ್ಕಳು ಚಪ್ಪಾಳೆ ಹೊಡೆದರು.

ಅಕ್ಕನ ಕೈಯಲ್ಲಿ ಪ್ರಸಾದದ ದೊನ್ನೆ ಇತ್ತು. ಅದನ್ನು ಅಲ್ಲಾಡದಂತೆ ಹಿಡಿದುಕೊಂಡು ನಿಂತಿದ್ದಳು. ಶಾಲಿನಿ ಮೇಡಂ ಅವಳನ್ನು ನೋಡಿದರು, ನನ್ನನ್ನು ನೋಡಿದರು.

“ಪುಟ್ಟಸ್ವಾಮಿಯವರೇ, ಇದು ಇವರ ಮನೇನಾ?”

ನಾನು ನಕ್ಕೆ. ಆ ನಗುವನ್ನು ಈ ವಯಸ್ಸಿನಲ್ಲಿ ಸ್ನಾನ ಮಾಡುವಾಗ, ಬಸ್ಸಿಗೆ ಕಾಯುವಾಗ ಥಟ್ಟನೆ ನೆನೆಸಿಕೊಂಡು ಕಣ್ಣು ಮುಚ್ಚಿಕೊಳ್ಳುತ್ತೇನೆ.

“ಅಯ್ಯೋ ಇಲ್ಲ ಮೇಡಂ. ಅಕ್ಕನಿಗೆ ಹೆಂಚಿನ ಮನೆ ಎಲ್ಲ ಒಂದೇ ಥರ ಕಾಣತ್ತೆ.”

ಅಕ್ಕ ಅಲ್ಲಗಳೆಯಲಿಲ್ಲ. ತಮ್ಮನ ಮಾನ ಅಲ್ಲಿ ಉಳಿಸಿದಳು. ವಾಪಸು ಬಸ್ಸಿನಲ್ಲಿ ಬನ್ನೂರು ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದವಳು ಇಳಿಯುವ ಮುಂಚೆ ಒಂದೇ ಮಾತು ಕೇಳಿದಳು.

“ಆ ಮಂಚ ಎಲ್ಲಿಂದ ಬಂತು? ನಮ್ಮನೇಲಿ ಯಾವತ್ತು ಮಂಚ ಇತ್ತು?”

ಹಬ್ಬ ಮುಗಿದು ಆಫೀಸು ತೆರೆದ ದಿನ ಮೇಡಂಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. “ಮುಳ್ಳು ತೆಗೀರಿ ಅಂದಿದ್ದೆ,” ಎಂದಷ್ಟೇ ಅಂದರು. ಮನೆಯನ್ನು ಬದಲಾಯಿಸಲು ಹೊರದೇಶದವರಿಗೆ ಬರೆದು ಕೇಳಿದರು. ಇಡೀ ಆಟದಲ್ಲಿ ನಮಗೆ ಹಿಡಿಸಿದ ಮನೆ ಅದೊಂದೇ, ಮುಟ್ಟಬೇಡಿ ಎಂದು ಉತ್ತರ ಬಂತು. ಆಟ ಹಾಗೇ ಹೊರಬಂತು. ಎಷ್ಟು ಜನ ಆ ಬಾಗಿಲು ಒದ್ದರೋ ಗೊತ್ತಿಲ್ಲ.

ಕಾರ್ತಿಕದಲ್ಲಿ ಆರು ತಿಂಗಳು ತುಂಬಿತು. ಮನೆಯೊಳಗೆ ಹೋಗುವ ದಿನ ಗೊತ್ತಾಗಿ ನೆಂಟರಿಗೆಲ್ಲ ಹೇಳಿಕಳಿಸಿದ್ದರು. ನನಗೂ ಹೇಳಿದ್ದರು, ಆದರೆ ಅಕ್ಕ ಬಾಯಿಬಿಟ್ಟು ಕರೆದಿರಲಿಲ್ಲ. ಬಿಳಿ ಪಂಚೆ, ಬಿಳಿ ಷರಟು ಹಾಕಿಕೊಂಡು ಹೋದೆ. ಐನೋರು ಶಾಂತಿ ಮುಗಿಸಿದರು. ಮುಳ್ಳು ತೆಗೆದು ಊರಾಚೆ ಸುಟ್ಟು ಬಂದರು. ಬಾಗಿಲು ತೆಗೆದು ಹಸುವಿನ ಕೊಂಬಿಗೆ ಅರಿಸಿನ ಹಚ್ಚಿ ಒಳಗೆ ಬಿಟ್ಟರು. ಹಸು ಹೋಯಿತು, ನಡುಮನೆಯಲ್ಲಿ ಸಗಣಿ ಹಾಕಿತು. ಒಳ್ಳೇ ಶಕುನ ಎಂದು ಎಲ್ಲರೂ ನಕ್ಕರು. “ಇನ್ನ ಬಲಗಾಲಿಟ್ಟು ಹೋಗವ್ವ,” ಎಂದು ದೊಡ್ಡಪ್ಪ ಅಂದರು. ಭಾವನ ಕಡೆಯ ಹಿರಿಯರು.

ಅಕ್ಕ ಹೊಸಿಲ ಹತ್ತಿರ ಹೋದವಳು ನಿಂತಳು.

“ಯಾಕವ್ವ?”

“ನನ್ ಕೈಲಾಗಕಿಲ್ಲ ದೊಡ್ಡಪ್ಪ.”

“ಅದ್ಯಾಕ್ ಹಂಗಂತೀಯೆ? ಎಲ್ಲ ಕಳೀತು. ಒಳಗೇನದೆ?”

“ಏನೂ ಇಲ್ಲ ಅಂತ ನನಗೂ ಗೊತ್ತು.” ಅವಳು ಯಾರನ್ನೂ ನೋಡದೆ ಹೇಳಿದಳು. “ಅವ್ರು ಚಾಪೆ ಮ್ಯಾಲೆ ನನ್ ಕೈ ಹಿಡ್ಕಂಡಿದ್ರು. ಅದ್ನ ನೆಪ್ಪು ಮಾಡ್ಕೊಳಕ್ಕೋದ್ರೆ ಅದು ಬರಾಕಿಲ್ಲ. ಮಂಚ ಬತ್ತದೆ. ಮಂಚದ ಮ್ಯಾಲೆ ಅದು ಬತ್ತದೆ. ಕಣ್ ಬುಟ್ರೂ ಅದೇ, ಮುಚ್ಚಿದ್ರೂ ಅದೇ.”

ನೆಂಟರಿಗೆ ಏನೂ ಅರ್ಥವಾಗಲಿಲ್ಲ. ದುಃಖಕ್ಕೆ ಬುದ್ಧಿ ಕೆಟ್ಟಿದೆ ಎಂದು ಹೆಂಗಸರು ಪಿಸುಗುಟ್ಟಿದರು. ಅರ್ಥ ಮಾಡಿಕೊಂಡವನು ನಾನೊಬ್ಬ. ಇಲ್ಲದ ಮಂಚವನ್ನು ಅವಳ ಮನೆಯೊಳಗೆ ಹೊತ್ತು ಹಾಕಿದವನು, ಇದ್ದ ಚಾಪೆಯನ್ನು ತೆಗೆದವನು. ಗುಂಪಿನ ಹಿಂದೆ ನಿಂತಿದ್ದೆ. ಅಕ್ಕ ತಿರುಗಿ ಹುಡುಕಿದಳು.

“ಪುಟ್ಸಾಮಿ, ನೀನು ಒಳಕ್ಕೋಗು.”

ಹೋದೆ. ನಡುಮನೆಯಲ್ಲಿ ಧೂಳು, ಹೆಗ್ಗಣ ತೋಡಿದ ಮಣ್ಣು, ಹಸುವಿನ ಸಗಣಿ. ನಾನು ಬರೆದ ಯಾವುದೂ ಅಲ್ಲಿರಲಿಲ್ಲ. ಬೆಳಕಿಂಡಿಯ ಬಿಸಿಲು ಮಾತ್ರ ಇತ್ತು.

“ಅಲ್ಲೇ. ಬಿಸ್ಲು ಬಿದ್ದಿರೋ ತಾವ್ಲೇ. ಮಲಕ್ಕೊ.”

“ಲೇ ಲೇ, ಸತ್ತ ತಾವಲ್ಲಿ ಹಂಗೆಲ್ಲ ಮಲಗ್ಬಾರ್ದು ಕಣ್ಲಾ!” ದೊಡ್ಡಪ್ಪ ಹೊರಗಿನಿಂದ ಕೂಗಿದರು.

“ಮಲಕ್ಕೊ ಅಂದೆ,” ಅಂದಳು ಅಕ್ಕ.

ಮಲಗಿದೆ. ಸ್ಲೇಟು ಬಿಟ್ಟು ಎದ್ದು ಬಂದವನು, ಮೇಡಂ ಮುಂದೆ ದನಿ ಏರಿಸಿದವನು, ಮೂಲೆಯಲ್ಲಿ ಹೆಸರು ಬರೆಯದೆ ಬೋರ್ಡು ಬಿಡದವನು, ನೆಂಟರೆಲ್ಲ ಬಾಗಿಲಿನಿಂದ ಇಣುಕಿ ನೋಡುವಾಗ ಆ ಮಣ್ಣಿನಲ್ಲಿ ಅಂಗಾತ ಮಲಗಿದೆ. ಯಾರೋ ಹುಡುಗಿ ಕಿಸಕ್ಕೆಂದಳು. ಬಿಸಿಲು ನೇರ ಕಣ್ಣಿಗೆ ಬಡಿಯುತ್ತಿತ್ತು. ಅಕ್ಕ ಹೊಸಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಮಂಚವಿಲ್ಲದ ನೆಲವನ್ನು, ಉಸಿರಾಡುವ ಮನುಷ್ಯನನ್ನು ಕಣ್ಣಿಗೆ ತುಂಬಿಕೊಳ್ಳುತ್ತಿದ್ದಳು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿದ್ದು, ನೆಲ ಬಾಯಿಬಿಡಬಾರದೇ ಎಂದು.

“ಕೈ ಆಡ್ಸು,” ಅಂದಳು.

ಕೈ ಎತ್ತಿ ಆಡಿಸಿದೆ.

“ಏನಾರ ಮಾತಾಡು.”

ಏನು ಮಾತಾಡಲಿ? “ತಪ್ಪಾಯ್ತು ಕಣಕ್ಕ,” ಅಂದೆ. ಅದು ಹೊರಗಿದ್ದವರಿಗೆ ಕೇಳಿಸಿತೋ ಇಲ್ಲವೋ.

“ಊಂ. ಈಗ ಎದ್ದೇಳು.”

ಎದ್ದೆ. ನಾನು ಎದ್ದ ಮೇಲೆ ಆ ಜಾಗದಲ್ಲಿ ಉಳಿದದ್ದು ಧೂಳಿನಲ್ಲಿ ಮೂಡಿದ ನನ್ನ ಮೈಯ ಗುರುತು. ಅಕ್ಕ ಅದನ್ನು ಒಂದು ಕ್ಷಣ ನೋಡಿ, ಬಲಗಾಲಿಟ್ಟು ಒಳಗೆ ಬಂದಳು. ನನ್ನ ಪಕ್ಕದಲ್ಲೇ ಹಾದು ಹೋದಳು, ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡಳು.

“ಆ ಕಡೆ ನಿಂತ್ಕೊ, ಗುಡಿಸ್ಬೇಕು.”

ಚಿಕ್ಕವನಿದ್ದಾಗ ಮೈಯೆಲ್ಲ ಮಣ್ಣು ಮಾಡಿಕೊಂಡು ಬಂದರೆ ಬೈಯುತ್ತಲೇ ನನ್ನ ಬೆನ್ನು ತಟ್ಟಿ ಧೂಳು ಒದರುತ್ತಿದ್ದವಳು ಅವಳು. ಒದರುತ್ತಾಳೇನೋ ಎಂದು ಸ್ವಲ್ಪ ಹೊತ್ತು ನಿಂತೆ. ಅವಳು ನೆಲ ಗುಡಿಸುತ್ತಿದ್ದಳು. ಒಲೆ ಹಚ್ಚುವ ಹೊತ್ತಾಗಿತ್ತು, ಹಾಲು ಉಕ್ಕಿಸಬೇಕಿತ್ತು. ಊಟಕ್ಕೆ ನಿಲ್ಲೆಂದು ದೊಡ್ಡಪ್ಪ ಹೇಳಿದರು. ನಿಲ್ಲಲಿಲ್ಲ.

ಆಮೇಲೂ ಬಹಳ ವರ್ಷ ಅದೇ ಕೆಲಸ ಮಾಡಿದೆ, ಎಷ್ಟೋ ಊರುಗಳನ್ನು ಪಾಳು ಮಾಡಿದೆ. ಅಕ್ಕನ ಮನೆಗೆ ಹೋದರೆ ಉಣ್ಣಿಸುತ್ತಾಳೆ, ಕಳಿಸುವಾಗ ಬೆಣ್ಣೆ ಕಟ್ಟಿಕೊಡುತ್ತಾಳೆ. ಆಫೀಸಿನ ಸುದ್ದಿ ಮಾತ್ರ ಒಂದು ದಿನವೂ ಕೇಳಲಿಲ್ಲ.

ಮುಳ್ಳು ತೆಗೆದ ದಿನ ಬನ್ನೂರಿನಲ್ಲಿ ಮೈಸೂರು ಬಸ್ಸು ಹತ್ತಿ ಕೂತಾಗ ಹಿಂದಿನ ಸೀಟಿನವನು ಹೆಗಲು ಮುಟ್ಟಿದ.

“ಯಜಮಾನ್ರೇ, ಬೆನ್ನೆಲ್ಲ ಮಣ್ಣಾಗದೆ. ಒದರಿ ಕೊಡ್ಲಾ?”

“ಗೊತ್ತು ಕಣಪ್ಪ,” ಅಂದೆ. “ಇರ್ಲಿ ಬಿಡು.”